ಸೌಂಡ್ ಬರುವ ಪ್ಲೇಯರ್

“ಹಳೇ ಪ್ಲೇಯರ್ರೇ ಇರ್ಲಿ ಕಣಮ್ಮ, ಕಂಡಕಂಡಿದ್ದು ಹಾಕಿದ್ರೆ ವೈರಸ್ ಬತ್ತದೆ,” ಎನ್ನುತ್ತ ವನಜಾಕ್ಷಿ ಕಂಪ್ಯೂಟರಿನ ಮೌಸಿನ ಮೇಲೆ ಕೈಯಿಟ್ಟಳು. ತಮ್ಮನ ಹೆಂಡತಿ ಶೃತಿ ಆ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. “ಅದ್ರಲ್ಲಿ ಸೌಂಡೇ ಬರಲ್ಲ. ನನ್ನ ಮಗನ ನಾಮಕರಣಾನ ಇನ್ನೆಷ್ಟು ದಿನ ಮೂಕಿ ಸಿನಿಮಾ ಥರ ನೋಡ್ಲಿ ಅಕ್ಕ?” ಶೃತಿ ಮಧುಗಿರಿಗೆ ಕೆಲಸಕ್ಕೆ ಹೋದಾಗ ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದವಳು ವನಜಾಕ್ಷಿಯೇ. ಆದರೂ ಇಬ್ಬರ ನಡುವೆ ನೆಟ್ಟಗೆ ಮಾತಿರಲಿಲ್ಲ.

ಹೊಸ ಪ್ಲೇಯರಿನಲ್ಲಿ ತೊಟ್ಟಿಲು ಕಾಣಿಸಿತು. ಸೋದರತ್ತೆ ವನಜಾಕ್ಷಿ ಶಾಸ್ತ್ರದಂತೆ ಬಾಗಿ, ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಿದ್ದಳು. ವಿಡಿಯೊದವನು ಸೆರಗಿಗೆ ಸಿಕ್ಕಿಸಿದ್ದ ಮೈಕು ಅವತ್ತು ಅವಳಿಗೆ ಮರೆತೇಹೋಗಿತ್ತು. ಶೃತಿ ಸೌಂಡ್ ಪೂರ್ತಿ ಏರಿಸಿದಳು. “ಬೈರಪ್ಪ, ಬೈರಪ್ಪ, ಬೈರಪ್ಪ.”

ಅದು ಶೃತಿಯ ತೀರಿಹೋದ ಮಾವನ ಹೆಸರು. ಅದು ಬೇಡವೇ ಬೇಡ ಎಂದು ಹಟ ಹಿಡಿದು ಶೃತಿ ಮಗನಿಗೆ ರಿಷಾನ್ ಎಂದು ಇಡಿಸಿದ್ದಳು.

“ನಾಚ್ಕೆ ಆಗಲ್ವಾ ನಿಮ್ಗೆ? ಮಗೂ ಕಿವೀಲೂ ಮೋಸ ಮಾಡಿದ್ರಲ್ಲ!”

“ನಮ್ಮಪ್ಪನ ಹೆಸ್ರು ಹೇಳಾಕೆ ನಂಗ್ಯಾಕೆ ನಾಚ್ಕೆ?”

“ಒಂದಿನ ಕಿವೀಲಿ ಊದಿದ್ರೆ ಹೆಸ್ರು ಆಗ್ಬುಡುತ್ತಾ? ತಡೀರಿ, ನಿಮ್ಮ ತಮ್ಮಂಗೂ ಕೇಳಿಸ್ತೀನಿ.” ಶೃತಿ ಜಗಲಿಯಲ್ಲಿದ್ದ ಗಂಡನನ್ನು ಕೂಗಿ, ಅದೇ ತುಣುಕನ್ನು ಮತ್ತೆ ಹಾಕಿದಳು.

“ಬೈರಪ್ಪ,” ಎಂದಿತು ಕಂಪ್ಯೂಟರ್.

ನೆಲದ ಮೇಲೆ ಆಡುತ್ತಿದ್ದ ಎರಡು ವರ್ಷದ ಮಗು ತಲೆಯೆತ್ತಿ, “ಆಂ” ಎಂದು ಓಗೊಟ್ಟಿತು.