ಅತ್ತೆ ಹಾಕಿದ ಬೂದಿ

ವನಿತಾ ಮದುವೆಯಾಗಿ ಹಾಸನಕ್ಕೆ ಬಂದಾಗ ಸೀರೆ, ಪಾತ್ರೆಗಳ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕಡ್ಡಿಯನ್ನೂ ತಂದಿದ್ದಳು...

ಮಡಿಕೇರಿಯ ತವರಿನ ಹೈಡ್ರೇಂಜಿಯಾ ಅದು. ಅವಳ ಅಮ್ಮ ಬೆಳೆಸಿದ್ದು. ಗೊಂಚಲು ಗೊಂಚಲು ಅಚ್ಚ ನೀಲಿ ಹೂ. ಅಮ್ಮ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಅತ್ತೆ ಪುಟ್ಟಲಕ್ಷ್ಮಮ್ಮನಿಗೆ ಗಿಡ ಹಿಡಿಸಲಿಲ್ಲ. ವಾಸನೆ ಇಲ್ಲ, ಮುಡಿಯೋಕಾಗಲ್ಲ, ಇದ್ಯಾವ ಸೀಮೆ ಹೂವು ಎಂದು ಗೊಣಗಿದರು.

ವನಿತಾ ಮಾತ್ರ ಅದನ್ನು ಮಗುವಿನಂತೆ ನೋಡಿಕೊಂಡಳು. ಕೊನೆಗೂ ಹೂ ಬಿಟ್ಟಿತು... ಗುಲಾಬಿ ಬಣ್ಣದ್ದು!

ಮರುವರ್ಷವೂ ಗುಲಾಬಿಯೇ. ಅಮ್ಮನ ನೆನಪೇ ಬಣ್ಣಗೆಟ್ಟಂತಾಗಿ ಅವಳು ಹಿತ್ತಲಲ್ಲಿ ನಿಂತು ಅತ್ತುಬಿಟ್ಟಳು.

ನರ್ಸರಿಯವರನ್ನು ಕೇಳಿದಳು. ಮಣ್ಣು ಹುಳಿಯಾಗಿದ್ದರೆ ಮಾತ್ರ ನೀಲಿ ಬರುತ್ತದೆ, ಪಟಿಕ ಕರಗಿಸಿದ ನೀರು ಹಾಕಿ, ಬೂದಿಯನ್ನಂತೂ ಹತ್ತಿರ ಸೇರಿಸಬೇಡಿ ಎಂದರು.

ಬೂದಿ? ನಾನೆಲ್ಲಿ ಹಾಕುತ್ತೇನೆ... ಎಂದುಕೊಂಡಳು ವನಿತಾ.

ಮಾರನೆಯ ಬೆಳಗ್ಗೆ ಬೇಗ ಎದ್ದು ಪಟಿಕದ ನೀರು ಹಿಡಿದು ಹಿತ್ತಲಿಗೆ ಹೋದರೆ... ಅಲ್ಲಿ ಅತ್ತೆ! ಬಚ್ಚಲೊಲೆಯ ಬೂದಿಯನ್ನು ಹಳೆಯ ಡಬ್ಬದಲ್ಲಿ ತಂದು ಗಿಡದ ಬುಡಕ್ಕೆ ಸುರಿಯುತ್ತಿದ್ದಾರೆ.

ವನಿತಾಳ ಮೈಯೆಲ್ಲ ಉರಿಯಿತು. ಗಿಡ ಕಂಡರಾಗದು, ಅದಕ್ಕೇ ಬೇಕಂತಲೇ ಮಾಡುತ್ತಿದ್ದಾರೆ ಎಂದುಕೊಂಡಳು.

"ಎಷ್ಟು ದಿನದಿಂದ ಹಾಕ್ತಿದ್ದೀರ ಅತ್ತೆ?"

ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವರಂತೆ ಅತ್ತೆ ನಾಚಿದರು.

"ನೆಟ್ಟ ದಿನದಿಂದ್ಲೂವೆ ಕಣವ್ವ. ಬೂದಿ ಹಾಕಿದ್ರೆ ಗಿಡ ಗಟ್ಟಿಯಾಯ್ತದೆ. ನಿಮ್ಮವ್ವನ ಗಿಡ... ನಮ್ಮನೇಗೆ ಬಂದು ಒಣಗೋಯ್ತು ಅಂತ ಆಗ್ಬಾರ್ದಲ್ಲ."

ಮಂಡಿನೋವಿನ ಅತ್ತೆ... ಎರಡು ವರ್ಷ, ದಿನಾ ಅವಳು ಏಳುವ ಮೊದಲೇ ಗೋಡೆ ಹಿಡಿದು ಹಿತ್ತಲಿನ ನಾಲ್ಕು ಮೆಟ್ಟಿಲು ಇಳಿದಿದ್ದರು.

ವನಿತಾ ಅವರನ್ನು ತಬ್ಬಿಕೊಂಡು ಗಳಗಳನೆ ಅತ್ತಳು. ಆಮೇಲೆ ನರ್ಸರಿಯವರು ಹೇಳಿದ್ದನ್ನು ಹೇಳಿದಾಗ ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಕೊನೆಗೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಇನ್ನು ಬೂದಿ ಮುಟ್ಟುವುದಿಲ್ಲ ಎಂದರು ಅತ್ತೆ. ವನಿತಾ ಒಪ್ಪಲೇ ಇಲ್ಲ. ಕಾಂಪೌಂಡ್ ಕಡೆಗೆ ಪಟಿಕದ ನೀರು, ಮನೆ ಕಡೆಗೆ ಒಂದು ಹಿಡಿ ಬೂದಿ ಎಂದು ರಾಜಿಯಾಯಿತು.

ಮುಂದಿನ ಮಳೆಗಾಲ... ಒಂದೇ ಗಿಡ, ಅರ್ಧ ನೀಲಿ, ಅರ್ಧ ಗುಲಾಬಿ!

ಬೀದಿಯವರೆಲ್ಲ ನೋಡಲು ಬಂದರು. ವಾಸನೆಯಿಲ್ಲದ ಹೂವೆಂದು ಮೂಗು ಮುರಿದಿದ್ದ ಪುಟ್ಟಲಕ್ಷ್ಮಮ್ಮನೇ ಮುಂದೆ ನಿಂತು ಎಲ್ಲರಿಗೂ ತೋರಿಸುತ್ತಿದ್ದರು.

"ಆ ಕಡೇದು ಅವಳ ಹೆತ್ತವ್ವ... ಈ ಕಡೇದು ನಾನು."

*ಕೈ ಮಾಡಿದ ತಪ್ಪನ್ನು ಎಣಿಸುವ ಮೊದಲು, ಆ ಕೈಯ ಹಿಂದಿರುವ ಮನಸ್ಸನ್ನೊಮ್ಮೆ ನೋಡಿ.*

ನಿಮ್ಮ ಗಿಡಕ್ಕೂ ಯಾರೋ ದಿನಾ ಬೂದಿ ಹಾಕುತ್ತಿರಬಹುದು... ಯಾಕೆ ಎಂದು ಒಮ್ಮೆಯಾದರೂ ಕೇಳಿದ್ದೀರಾ?