ಕಂಕುಳಲ್ಲಿ ಕೂಸು

ಎಷ್ಟೋ ದಿನಗಳಿಂದ ಶಾಲೆಯ ಕಡೆ ತಲೆ ಹಾಕದ ಹುಡುಗಿಯೇ ಬಂದು ಹೆಡ್‌ಮಾಸ್ಟರ ಮನೆಯ ಬಾಗಿಲು ತೆರೆದಳು. ಕಂಕುಳಲ್ಲಿ ಅವರ ಮೊಮ್ಮಗು, ಹೆಗಲ ಮೇಲೆ ಅದರ ಜೊಲ್ಲು ಒರೆಸುವ ಬಟ್ಟೆ. ತನ್ನ ಟೀಚರನ್ನು ಕಂಡವಳೇ ಮಗುವನ್ನು ಇನ್ನಷ್ಟು ಅವುಚಿಕೊಂಡು, ತಪ್ಪೆಲ್ಲ ತನ್ನದೇ ಎಂಬಂತೆ ತಲೆ ತಗ್ಗಿಸಿದಳು.

ಟೀಚರಿಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯಷ್ಟೇ ಹೆಡ್‌ಮಾಸ್ಟರು ಎಲ್ಲರೆದುರು ಅವಳ ನೀರಿಳಿಸಿದ್ದರು. "ನಿಮ್ಮ ಕ್ಲಾಸಿನ ಹಾಜರಿ ನೋಡಿದ್ರೆ ನಾಚಿಕೆಯಾಗುತ್ತೆ. ಬರದೇ ಇರೋ ಮಕ್ಕಳ ಮನೆಗೆ ಹೋಗಿ ವಿಚಾರಿಸೋಕೂ ಆಗಲ್ವಾ?" ವಿಚಾರಿಸಲು ಹೋದರೆ ಹುಡುಗಿಯ ಅಮ್ಮನೇ ಬೆರಗಾಗಿ ಕೇಳಿದ್ದಳು. "ನಿಮ್ಮ ಹೆಡ್‌ಮಾಸ್ಟರ ಮನೇಲೇ ಮಗು ನೋಡ್ಕೊಳ್ತಿದ್ದಾಳಲ್ಲ ಟೀಚರಮ್ಮ, ನಿಮಗೆ ಗೊತ್ತಿಲ್ವಾ? ಪಾಸು ಮಾಡಿಸ್ತೀನಿ, ಸ್ಕೂಲಿನ ಚಿಂತೆ ಬಿಡಿ ಅಂತ ಅವ್ರೇ ಹೇಳಿದ್ರು."

ಒಳಗೆ ಹೆಡ್‌ಮಾಸ್ಟರು ಊಟಕ್ಕೆ ಕೂತಿದ್ದರು. ಟೀಚರನ್ನು ಕಂಡು ಅವರ ಬಾಯಿಗೆ ಹೊರಟಿದ್ದ ತುತ್ತು ಅಲ್ಲೇ ನಿಂತಿತು. "ಅದೇನಿಲ್ಲ, ಸೊಸೆ ಕೆಲಸಕ್ಕೆ ಸೇರಿದ್ದಾಳೆ. ಸ್ವಲ್ಪ ದಿನದ ಮಟ್ಟಿಗೆ ಅಷ್ಟೇ. ಇವಳು ನಮ್ಮನೆ ಮಗಳ ಹಾಗೇ ಇದ್ದಾಳೆ."

"ನಿಮ್ಮನೆ ಮಗಳಾಗಿದ್ರೆ ಈ ಹೊತ್ತಲ್ಲಿ ಸ್ಕೂಲಲ್ಲಿ ಇರ್ತಿದ್ಳು ಸಾರ್."

ಟೀಚರ್ ಹುಡುಗಿಯ ಕಂಕುಳಿಂದ ಮಗುವನ್ನು ಎತ್ತಿಕೊಂಡು, ಮೇಜಿನ ಮೇಲಿನ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಕೂಸನ್ನು ಹೆಡ್‌ಮಾಸ್ಟರ ತೊಡೆಯ ಮೇಲೆ ಕೂರಿಸಿದಳು. ಮಗು ಕಿಟಾರನೆ ಕಿರುಚಿಕೊಂಡಿತು. ಅದರ ತಾತನಿಗೆ ಅದನ್ನು ಹೇಗೆ ಹಿಡಿಯಬೇಕೆಂಬುದೇ ತೋಚಲಿಲ್ಲ. ಟೀಚರ್ ಹುಡುಗಿಯ ಕೈ ಹಿಡಿದು ಹೊಸ್ತಿಲಿನವರೆಗೆ ಬಂದಾಗ ಹುಡುಗಿ ಹಿಂದಕ್ಕೆ ತಿರುಗಿ, "ಒಲೆ ಮೇಲೆ ಹಾಲಿದೆ ಟೀಚರ್, ಉಕ್ಕಿಬಿಡುತ್ತೆ," ಎಂದಳು ಅಂಜುತ್ತ.

"ಉಕ್ಕಲಿ," ಎಂದು ಟೀಚರ್ ಬಾಗಿಲನ್ನು ಎಳೆದುಕೊಂಡಳು.