ಮುಚ್ಚಳವಿಲ್ಲದ ಗೇಮ್

ಓದುವ ಮೊದಲು ಒಂದು ಕೆಲಸ ಮಾಡಿ... ನೀವು ಮಾತು ಬಿಟ್ಟಿರುವ ಒಬ್ಬರ ಮುಖ ನೆನಪಿಸಿಕೊಳ್ಳಿ. ಆಮೇಲೆ ಮುಂದೆ ಹೋಗಿ.

ಹುಬ್ಬಳ್ಳಿಯಲ್ಲಿ ನಿಂಗರಾಜ, ಗುರುಶಾಂತ ಅಂತ ಇಬ್ಬರು ಅಣ್ಣತಮ್ಮಂದಿರು. ಹಾವು ಮುಂಗುಸಿ ಕೂಡ ನಾಚಬೇಕು, ಅಂಥ ಪ್ರೀತಿ!

ಚಿಕ್ಕವರಿದ್ದಾಗ ಇಬ್ಬರಿಗೂ ಸೇರಿ ಇದ್ದದ್ದು ಒಂದು ಹಳದಿ ಬ್ರಿಕ್ ಗೇಮ್... ಅದೇ, ಮೇಲಿನಿಂದ ಇಟ್ಟಿಗೆ ಬೀಳುತ್ತಿತ್ತಲ್ಲ, ಕೈಯಲ್ಲಿ ಹಿಡಿದು ಆಡುವ ಅಗ್ಗದ ವಿಡಿಯೋ ಗೇಮ್.

ಮುಂದೆ ಮನೆ ಪಾಲಾಯಿತು, ನಡುವೆ ಗೋಡೆ ಎದ್ದಿತು. ಅಣ್ಣ ನಿಂಗರಾಜ ಹಟ ಹಿಡಿದು ಗೇಮ್ ಇಟ್ಟುಕೊಂಡ. ತಮ್ಮನೇನು ಕಡಿಮೆಯೇ? ಅದರ ಹಿಂದಿನ ಸೆಲ್ ಮುಚ್ಚಳ ಕಿತ್ತುಕೊಂಡು ಹೋದ!

ಅಂದಿನಿಂದ ಮಾತಿಲ್ಲ... ಕತೆಯಿಲ್ಲ.

ಅಣ್ಣ ತನ್ನ ಗೇಮಿಗೆ ಹೊಂದುವ ಮುಚ್ಚಳ ಹುಡುಕತೊಡಗಿದ. ತಮ್ಮ ತನ್ನ ಮುಚ್ಚಳಕ್ಕೆ ಹೊಂದುವ ಗೇಮ್ ಹುಡುಕತೊಡಗಿದ. ಗೋಡೆಯಾಚೆ ಒಂದು ಕೈ ಚಾಚಿದ್ದರೆ ಮುಗಿಯುತ್ತಿತ್ತು... ಆದರೆ ಸೊಕ್ಕು ಬಿಡಬೇಕಲ್ಲ!

ಹುಡುಕುತ್ತಾ ಹುಡುಕುತ್ತಾ ಇಬ್ಬರ ಕಪಾಟೂ ಸೆಕೆಂಡ್‌ಹ್ಯಾಂಡ್ ಗೇಮ್‌ಗಳಿಂದ ತುಂಬಿಹೋಯಿತು. ಕಾರ್ ರೇಸಿನವು, ಹಾವಿನ ಆಟದವು, ಬಟನ್ ಸವೆದವು. ಹುಚ್ಚು ಹಿಡಿಯಿತು, ಮುಚ್ಚಳ ಮಾತ್ರ ಕೂಡಲಿಲ್ಲ.

ಪ್ರತಿ ಭಾನುವಾರ ಹಳೇ ಸಾಮಾನಿನ ಬಜಾರಿನಲ್ಲಿ, ದಾವಲಸಾಬ ಹಾಸಿದ ಗೋಣಿತಟ್ಟಿನ ಮುಂದೆ ಇಬ್ಬರೂ ಹಾಜರು. ಒಬ್ಬ ಆ ತುದಿ, ಒಬ್ಬ ಈ ತುದಿ.

ಒಂದು ಭಾನುವಾರ ಅಲ್ಲಿ ಹಳದಿ ಬ್ರಿಕ್ ಗೇಮ್ ಕಂಡಿತು. ಅದೇ ಮಾಡೆಲ್! ಹಿಂದೆ ಮುಚ್ಚಳವಿಲ್ಲ, ಸೆಲ್ ಬೀಳದಂತೆ ರಬ್ಬರ್ ಬ್ಯಾಂಡ್ ಸುತ್ತಿದೆ.

ಗುರುಶಾಂತ ಕೈ ಚಾಚಿದ. ನಿಂಗರಾಜ ಹದ್ದಿನಂತೆ ಎರಗಿ ಎತ್ತಿಕೊಂಡು, ಕೇಳಿದಷ್ಟು ದುಡ್ಡು ಎಸೆದ. ಮುಚ್ಚಳವಿಲ್ಲದ ಗೇಮ್ ಅವನಿಗೆ ಯಾತಕ್ಕೂ ಬೇಡ. ತಮ್ಮನಿಗೆ ಸಿಗಬಾರದು, ಅಷ್ಟೇ.

"ದಾವಲಸಾಬ, ಮೊದಲ ಕೈ ಹಾಕಿದ್ದು ಯಾರಂತ ನಿನ್ನ ಗಿರಾಕಿಗೆ ಕೇಳು," ಅಂದ ಗುರುಶಾಂತ.

"ಮೊದಲ ರೊಕ್ಕ ಕೊಟ್ಟಿದ್ದು ಯಾರಂತ ಅವಗ ಕೇಳು," ಅಂದ ನಿಂಗರಾಜ.

ದಾವಲಸಾಬ ಸುಮ್ಮನೆ ಬೀಡಿ ಹಚ್ಚಿದ. ಇವರ ಮಾತು ಆಚೀಚೆ ದಾಟಿಸಿ ಅವನಿಗೂ ಸಾಕಾಗಿತ್ತು.

ಹಳೇ ಗೇಮ್ ಕೂಡಿಹಾಕುವವರು ಕೊಂಡ ಕೂಡಲೇ ಸೆಲ್ ಕಿತ್ತು ಬಿಸಾಡುತ್ತಾರೆ. ಸೋರಿದ ಸೆಲ್ ಒಳಗಿನ ತಗಡನ್ನೇ ತಿಂದುಹಾಕುತ್ತದೆ. ನಿಂಗರಾಜ ತಮ್ಮ ನೋಡಲೆಂದೇ ಗೇಮ್ ಎತ್ತಿ ಹಿಡಿದು, ರಬ್ಬರ್ ಬ್ಯಾಂಡ್ ಜಾರಿಸಿ, ಸೆಲ್ಲಿಗೆ ಉಗುರು ಹಾಕಿದ.

"ತೆಗೀಬ್ಯಾಡ್ರೀ! ಸೆಲ್ ತೆಗೀಬ್ಯಾಡ್ರೀ!"

ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಓಡಿ ಬಂದಳು. ಕೈಯಲ್ಲಿ ಇನ್ನೂ ರೊಟ್ಟಿ ಹಿಟ್ಟು. ಹೆಸರು ಕಾಶವ್ವ.

"ಅದು ನಂದ್ರಿ. ನಮ್ಮ ಮನಿಯವ್ರು ತಿಳೀದ ರದ್ದಿಯವಗ ಹಾಕ್ಯಾರ, ಅಂವಾ ಇಲ್ಲಿ ಮಾರ್ಯಾನ. ಕೊಡ್ರಿ ಇಲ್ಲೆ!"

"ರೊಕ್ಕ ಕೊಟ್ಟು ತಗೊಂಡೀನಿ. ನಿಮ್ಮ ದಾರಿ ನೀವು ಹಿಡೀರಿ," ಎಂದು ನಿಂಗರಾಜ ಸಿಡುಕಿದ.

"ಎಂಥ ಕಲ್ಲಿನಂಥ ಮನಷ್ಯಾರಿ ನೀವು! ಬೇಕಾದ್ರ ಗೇಮ್ ನೀವ ಇಟ್ಕೋರಿ... ಸೆಲ್ ತೆಗದ್ರ ನಮ್ಮ ಅತ್ತಿ ಸ್ಕೋರ್ ಅಳಿಸಿ ಹೊಕ್ಕೈತ್ರಿ."

"ಅತ್ತಿ ಸ್ಕೋರ್?" ನಿಂಗರಾಜನಿಗೆ ನಗು ಬಂತು. "ಅಷ್ಟು ಅಚ್ಛಾ, ಅಷ್ಟು ಪ್ರೀತಿ ಏನು ಅತ್ತಿ ಮ್ಯಾಲ?"

"ಅಚ್ಛಾ?" ಕಾಶವ್ವನ ಕಣ್ಣು ಕೆಂಪಾಯಿತು. "ಆಕಿ ನನ್ನ ವೈರಿ! ವರ್ಷಾನುಗಟ್ಟಲೆ ನನ್ನ ಜೋಡಿ ಮಾತಾಡ್ಲಿಲ್ಲ. ನಾನೂ ಆಡ್ಲಿಲ್ಲ. ದಿನಾ ಮಧ್ಯಾಹ್ನ ನನ್ನ ಸ್ಕೋರ್ ಮುರದು, ಕಾಣೂ ಹಂಗ ಟೀವಿ ಮ್ಯಾಲ ಇಟ್ಟು ಮಲಗತಿದ್ಲು. ರೊಟ್ಟಿ ಬಡದು ಮುಗಿಸಿ ನಾ ಆಕೀದು ಮುರೀತಿದ್ದೆ. ಸೆಲ್ ಬದಲಿಸಾಕ ಅಷ್ಟ ಇಬ್ರೂ ಎದುರಾ ಬದುರಾ ಕುಂದರ್ತಿದ್ವಿ..."

ಅವಳು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು.

"ಹೋದ ತಿಂಗಳ ನನ್ನ ಸ್ಕೋರ್ ಮುರದು ಮಲಗಿದಾಕಿ ಏಳ್ಲಿಲ್ರಿ. ಈಗ ನಾ ಗೆದ್ರೂ... ತಿರುಗಿ ಹೊಡಿಯಾಕ ಆಕಿ ಇಲ್ಲ."



ನಿಂಗರಾಜ ಕೈಯಲ್ಲಿದ್ದ ಗೇಮ್ ನೋಡಿದ. ಸ್ಕ್ರೀನ್ ಮಂಕಾಗುತ್ತಿತ್ತು. ಗಿರಾಕಿಗೆ ತೋರಿಸಲೆಂದು ದಾವಲಸಾಬ ಮುಂಜಾನೆಯಿಂದ ಚಾಲೂ ಇಟ್ಟಿದ್ದ... ಸೆಲ್ ಸಾಯುತ್ತಿತ್ತು.

ಬದಲಿಸಲು ಒಬ್ಬರಿಂದ ಆಗದು. ಒಬ್ಬರು ಹಳೆಯದು ಕೀಳಬೇಕು, ಕಿತ್ತ ಕ್ಷಣವೇ ಇನ್ನೊಬ್ಬರು ಹೊಸದು ತುರುಕಬೇಕು. ಒಂದು ಉಸಿರು ತಡವಾದರೂ ಸ್ಕೋರ್ ಸೊನ್ನೆ. ಇದು ಇಬ್ಬರು ಸೇರಿ ಒಂದೇ ಗೇಮ್ ಆಡಿದವರಿಗೆ ಮಾತ್ರ ಗೊತ್ತು.

ನಿಂಗರಾಜ ತಲೆ ಎತ್ತಿ, ಎಷ್ಟೋ ವರ್ಷದ ಮೇಲೆ ತಮ್ಮನ ಮುಖ ನೋಡಿದ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಅದು ಯಾವಾಗ ಆಯಿತೋ ಅವನಿಗೆ ಗೊತ್ತೇ ಇರಲಿಲ್ಲ.

ಗುರುಶಾಂತ ದಾವಲಸಾಬನಿಂದ ಹೊಸ ಸೆಲ್ ಇಸಿದುಕೊಂಡು ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಚಿಕ್ಕಂದಿನಲ್ಲೂ ಕೀಳುವುದು ಅಣ್ಣನ ಕೆಲಸ, ತುರುಕುವುದು ತಮ್ಮನ ಕೆಲಸ.

ನಿಂಗರಾಜ ಕಿತ್ತ. ಗುರುಶಾಂತ ತುರುಕಿದ.

ಸ್ಕ್ರೀನ್ ಪೂರ್ತಿ ಆರಿತು... ಮತ್ತೆ ಹೊತ್ತಿತು. ಅತ್ತೆಯ ಸ್ಕೋರ್ ಅಲ್ಲೇ ಇತ್ತು!

ನಿಂಗರಾಜ ಗೇಮನ್ನು ಕಾಶವ್ವನ ಕೈಗೆ ಕೊಟ್ಟುಬಿಟ್ಟ. "ನೋಡ್ರಿ, ಇನ್ನೂ ಗೆದ್ದ ಕುಂತಾಳ ಮುದುಕಿ!" ಎಂದು ಅವಳು ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು.

ಸೆಲ್ ಜಾರಬಾರದಲ್ಲ... ಗುರುಶಾಂತ ಅಂಗಿ ಜೇಬಿನಿಂದ ಒಂದು ಹಳದಿ ಮುಚ್ಚಳ ತೆಗೆದ. ಅಳತೆ ನೋಡಲೆಂದು ಇಷ್ಟು ವರ್ಷ ಹೊತ್ತು ತಿರುಗಿ ಅದರ ಅಂಚು ಸವೆದಿತ್ತು.

"ಏ ಗುರ್ಯಾ..." ನಿಂಗರಾಜನ ಬಾಯಿಂದ ತಾನಾಗಿಯೇ ಹೊರಟಿತು. "ಅದು ನಮ್ಮ ಮುಚ್ಚಳಾ."

ಗುರುಶಾಂತನ ಕೈ ನಿಂತಿತು. ಈ ಸಲ ದಾವಲಸಾಬನ ಕಡೆ ಅವನು ತಿರುಗಲಿಲ್ಲ.

"ಹೌದಣ್ಣಾ, ನಮ್ಮದ. ಇವ್ರಿಗೆ ಕೊಡ್ಲೋ ಬ್ಯಾಡೋ?"

ನಿಂಗರಾಜ ನೆಲದ ಮೇಲೆ ಬಿದ್ದಿದ್ದ ರಬ್ಬರ್ ಬ್ಯಾಂಡ್ ಆರಿಸಿಕೊಂಡ. ಕಣ್ಣು ತುಂಬಿ ಎದುರಿಗಿದ್ದದ್ದು ಕಾಣುತ್ತಿರಲಿಲ್ಲ.

"ಕೊಡು. ನಮ್ಮ ಗೇಮಿಗೆ ಇದನ್ನ ಹಾಕೂಣು... ನಡಿ ಮನೀಗೆ."

ಜಗಳ ಆಡುವುದಕ್ಕೂ ಎದುರಿಗೆ ಒಬ್ಬರು ಬದುಕಿರಬೇಕು.

ನಿಮ್ಮ ಮುಚ್ಚಳ ಯಾರ ಜೇಬಿನಲ್ಲಿದೆ...?